ಭಾನುವಾರದ ಗುಳಿಗೆ

ನಮ್ಮ ಮನೆಯಲ್ಲಿ ಮಾತ್ರೆಗಳಿಗೆ ಎರಡು ಜಾಗ. ಅಮ್ಮನ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಅವಳ ರೂಮಿನ ಬೀರುವಿನಲ್ಲಿ, ಸೀರೆಗಳ ಪಕ್ಕ. ಬೀರುವಿಗೆ ಬೀಗ, ಬೀಗದ ಕೈ ದಿಂಬಿನ ಕೆಳಗೆ. ಮಿಕ್ಕಿದ್ದೆಲ್ಲ ಊಟದ ಟೇಬಲ್ ಮೇಲೆ, ಉಪ್ಪಿನಕಾಯಿ ಜಾಡಿ ಪಕ್ಕದ ಸ್ಟೀಲ್ ಡಬ್ಬಿಯಲ್ಲಿ. ಒಂದು ಕಾಲದಲ್ಲಿ ಆ ಡಬ್ಬಿಯಲ್ಲಿ ಕೋಡುಬಳೆ ಇರುತ್ತಿತ್ತು. ಈಗ ಕ್ಯಾಲ್ಸಿಯಂ, ಬಿ ಕಾಂಪ್ಲೆಕ್ಸ್, ನನ್ನ ಐರನ್ ಮಾತ್ರೆ, ಕೂದಲು ಉದುರುತ್ತೆ ಅಂತ ಮಗಳು ತರಿಸಿಕೊಂಡ ಬಯೋಟಿನ್, ನ್ಯೂಜೆರ್ಸಿಯಿಂದ ಅತ್ತಿಗೆ ತಂದುಕೊಟ್ಟ ಮೀನೆಣ್ಣೆ ಕ್ಯಾಪ್ಸೂಲ್. ಬೀರುವಿನಲ್ಲಿರುವುದು ಔಷಧಿ. ಟೇಬಲ್ ಮೇಲಿರುವುದು ಶಕ್ತಿ ಮಾತ್ರೆ. ಹೀಗೆ ಇಡೋಣ ಅಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ತಾನಾಗೇ ಆಗಿತ್ತು.

ಹೋದ ವರ್ಷ ಅಮ್ಮನ ಮಂಡಿನೋವಿಗೆ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 11 ಬಂತು. ಕಡಿಮೆ ಅಂದರೆ ಕಡಿಮೆ. ಡಾಕ್ಟ್ರು ಡಿ3 ಕ್ಯಾಪ್ಸೂಲ್ ಬರೆದರು. 60,000 ಯೂನಿಟ್, ವಾರಕ್ಕೆ ಒಂದೇ. 'ಭಾನುವಾರ ತಗೊಳ್ಳಿ ಅಮ್ಮ, ಮರೆಯಲ್ಲ' ಅಂದರು. ಒಂದು ಸ್ಟ್ರಿಪ್‌ನಲ್ಲಿ ನಾಲ್ಕು. ಮೆತ್ತಗೆ, ಉರುಟಾಗಿ, ಜೇನುಬಣ್ಣದಲ್ಲಿ ಚೆನ್ನಾಗೇ ಇರುತ್ತವೆ ನೋಡೋಕೆ. ಅದೂ ಸೀದಾ ಟೇಬಲ್ ಮೇಲಿನ ಡಬ್ಬಿಗೆ ಹೋಯಿತು. ವಿಟಮಿನ್ ತಾನೇ.

ಬೆಣ್ಣೆ ನಮ್ಮ ನಾಯಿ. ಬಿಳಿ ಪಮೇರಿಯನ್ ಅಂತ ಹೇಳಿ ಕೊಟ್ಟಿದ್ದರು. ಪಶುವೈದ್ಯರು ನೋಡಿದ ಕೂಡಲೇ 'ಇದು ನಮ್ಮ ಇಂಡಿಯನ್ ಸ್ಪಿಟ್ಜ್ ಮೇಡಂ' ಅಂದು ನಮ್ಮ ಗತ್ತು ಇಳಿಸಿದರು. ಆರು ವರ್ಷ, ಆರು ಕೆಜಿ. ಮೈಮೇಲಿನ ಕೂದಲು ತೆಗೆದರೆ ಒಳಗಿರುವುದು ಒಂದು ಹಲಸಿನ ಕಾಯಿಯಷ್ಟೂ ಇಲ್ಲ.

ಆ ಭಾನುವಾರ ಬೆಳಗ್ಗೆ ಒಂಬತ್ತೂಕಾಲಿಗೆ ಇಡ್ಲಿ ತಿಂದು ಅಮ್ಮ ಸ್ಟ್ರಿಪ್ ಕೈಗೆ ತಗೊಂಡಳು. ಅಷ್ಟರಲ್ಲಿ ಅರಸೀಕೆರೆಯಿಂದ ಚಿಕ್ಕಮ್ಮನ ಫೋನ್. ಸ್ಟ್ರಿಪ್ಪನ್ನು ಕುರ್ಚಿ ಮೇಲಿದ್ದ ಪೇಪರ್ ಮೇಲಿಟ್ಟು ಬಾಲ್ಕನಿಗೆ ಹೋದಳು. ಅಕ್ಕ ತಂಗಿ ಮಾತು ಶುರುವಾದರೆ ಅರ್ಧ ಗಂಟೆ ಗ್ಯಾರಂಟಿ. ನಾನು ಬಟ್ಟೆ ಒಣಹಾಕಿ ಬಂದಾಗ ಬೆಣ್ಣೆ ಟೇಬಲ್ ಕೆಳಗೆ ಮುಂಗಾಲುಗಳ ನಡುವೆ ಏನನ್ನೋ ಹಿಡಿದುಕೊಂಡು ಕಡಿಯುತ್ತಿದ್ದಳು. ಚರಚರ ಸದ್ದು. ಬಾಯಿಂದ ಕಿತ್ತುಕೊಂಡೆ. ಬೆಳ್ಳಿ ಹಾಳೆ ನಾಲ್ಕು ಕಡೆ ಹರಿದಿತ್ತು, ಒಂದು ಮೂಲೆಯೇ ಇರಲಿಲ್ಲ. ಗುಳಿಗೆ ಒಂದೂ ಇಲ್ಲ. ನೆಲದ ಮೇಲೆ ಎಣ್ಣೆ ಜಿಡ್ಡಿನ ಎರಡು ಚುಕ್ಕೆ. ಬೆಣ್ಣೆ ಬಾಲ ಅಲ್ಲಾಡಿಸುತ್ತಾ 'ಇನ್ನೊಂದು ಕೊಡು' ಅನ್ನೋ ಹಾಗೆ ನೋಡುತ್ತಿದ್ದಳು.

'ಅಯ್ಯೋ, ಬರೀ ವಿಟಮಿನ್ ಕಣೇ. ಏನೂ ಆಗಲ್ಲ. ಇನ್ನೂ ಗಟ್ಟಿಯಾಗ್ತಾಳೆ' ಅಂದಳು ಅಮ್ಮ.

ನನಗೂ ಹಾಗೇ ಅನಿಸಿತ್ತು, ನಿಜ ಹೇಳಬೇಕು. ಬೆಣ್ಣೆ ಕುಣಿಯುತ್ತಿದ್ದಳು, ಮೂಗು ಒದ್ದೆಯಾಗಿತ್ತು, ಕಣ್ಣು ಫಳಫಳ. ಹಾಳೆಯ ಚೂರು ನುಂಗಿದ್ದಾಳೆ, ಹೊಟ್ಟೆಗೆ ಚುಚ್ಚಿದರೆ ಕಷ್ಟ, ಕೇಳಿಬಿಡೋಣ ಅಂತ ಫೋನ್ ಮಾಡಿದ್ದು. ಅಂದರೆ ನನಗೆ ಭಯ ಇದ್ದದ್ದು ಗುಳಿಗೆಯದ್ದಲ್ಲ, ಕವರಿನದ್ದು.

ಭಾನುವಾರ ಬೇರೆ. ನಾವು ಯಾವಾಗಲೂ ಹೋಗುವ ಕ್ಲಿನಿಕ್‌ಗೆ ರಜೆ, ಫೋನ್ ಎತ್ತಲಿಲ್ಲ. ಭಾನುವಾರದ ಗುಳಿಗೆಯನ್ನು ನಾಯಿ ನುಂಗುವುದೂ ಭಾನುವಾರವೇ ಅಲ್ವಾ, ಇದನ್ನು ಯಾರೂ ಯೋಚಿಸಿರುವುದಿಲ್ಲ. ಮಗಳ ಸ್ನೇಹಿತೆಯೊಬ್ಬಳಿಂದ ಇನ್ನೊಬ್ಬ ವೈದ್ಯರ ನಂಬರ್ ಸಿಕ್ಕಿತು. ಎರಡನೇ ರಿಂಗಿಗೆ ಎತ್ತಿದರು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

ಅವರು ಕೇಳಿದ್ದು ನಾಲ್ಕೇ ಪ್ರಶ್ನೆ. ನಾಯಿ ತೂಕ ಎಷ್ಟು? ಸ್ಟ್ರಿಪ್ ಮೇಲೆ ಏನು ಬರೆದಿದೆ, ಅಕ್ಷರ ಅಕ್ಷರ ಓದಿ. ಎಷ್ಟು ತಿಂದಿದೆ? ಯಾವಾಗ? ನಾನು ಕಂಪನಿ ಹೆಸರು ಹೇಳಲು ಹೋದರೆ, 'ಅದು ಬೇಡ ಮೇಡಂ, ಕೆಳಗೆ ಸಣ್ಣ ಅಕ್ಷರದಲ್ಲಿರೋದು ಓದಿ' ಅಂದರು. ಕೊಲೆಕ್ಯಾಲ್ಸಿಫೆರಾಲ್ 60,000 ಐಯು ಅಂತ ತಡವರಿಸಿಕೊಂಡು ಓದಿದೆ. ಆ ಕಡೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ, 'ಈಗಲೇ ಕರಕೊಂಡು ಬನ್ನಿ. ಸ್ಟ್ರಿಪ್ ತನ್ನಿ. ಬಾಯಿಗೆ ಏನೂ ಹಾಕಬೇಡಿ. ಹಾಲು ಅಂತೂ ಬೇಡವೇ ಬೇಡ.'

ಫೋನ್ ಇಟ್ಟು ತಿರುಗಿ ನೋಡಿದರೆ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಾಲಿನ ಬಟ್ಟಲು.

ನಮ್ಮಲ್ಲಿ ಏನು ತಿಂದು ಕೆಟ್ಟರೂ ಹಾಲು ಕುಡಿಸುವುದು ರೂಢಿ. ವಿಷ ಮುರಿಯುತ್ತೆ ಅಂತ. ಹಾಲು ಎಲ್ಲ ವಿಷಕ್ಕೂ ಮದ್ದಲ್ಲ. ಡಿ ವಿಟಮಿನ್ ವಿಷಯದಲ್ಲಂತೂ ಅದು ತಿರುಗುಬಾಣ. ಈ ವಿಟಮಿನ್ ಮಾಡುವ ಕೆಲಸವೇ ಕರುಳಿನಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ತುಂಬುವುದು. ಅದು ಜಾಸ್ತಿಯಾಗಿ ಒದ್ದಾಡುವ ನಾಯಿಗೆ ನಾವೇ ಬಟ್ಟಲು ತುಂಬ ಕ್ಯಾಲ್ಸಿಯಂ ಕುಡಿಸುತ್ತಿದ್ದೆವು.

ಮಗಳು ಅಷ್ಟರಲ್ಲಿ ಮೊಬೈಲಿನಲ್ಲಿ ಹುಡುಕಿ, ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ವಾಂತಿ ಮಾಡಿಸಬಹುದಂತೆ, ಮೆಡಿಕಲ್ ಶಾಪ್‌ಗೆ ಓಡಲಾ ಅಂದಳು. ಬೇಡ ಅಂದೆ, ಆಗ ಕಾರಣ ಗೊತ್ತಿದ್ದು ಅಲ್ಲ, ವೈದ್ಯರು ಏನೂ ಹಾಕಬೇಡಿ ಅಂದಿದ್ದರಲ್ಲ ಅಂತ. ಆಮೇಲೆ ಅವರೇ ವಿವರಿಸಿದರು. ಅಮೆರಿಕದವರು ಬರೆದದ್ದರಲ್ಲಿ ಹೇಳುವುದು ಶೇಕಡ 3ರ ದ್ರಾವಣ. ಅದನ್ನೂ ಅಲ್ಲಿಯ ವೈದ್ಯರು ಫೋನಿನಲ್ಲಿ ತೂಕ ಕೇಳಿ, ಲೆಕ್ಕ ಹಾಕಿ, ಒಪ್ಪಿಗೆ ಕೊಟ್ಟ ಮೇಲೆ ಮಾತ್ರ. ನಮ್ಮ ಅಂಗಡಿಗಳಲ್ಲಿ ಗಾಯ ತೊಳೆಯೋಕೆ ಅಂತ ಸಾಮಾನ್ಯವಾಗಿ ಸಿಗುವುದು ಶೇಕಡ 6ರದ್ದು. ಎರಡು ಪಟ್ಟು ಖಾರ. ನಾಯಿಯ ಹೊಟ್ಟೆಯ ಒಳಪದರ ಸುಟ್ಟು ಹುಣ್ಣಾಗುತ್ತದೆ. ಉಪ್ಪು ನೀರು ಕುಡಿಸುವುದು ಇನ್ನೂ ಕೆಟ್ಟದ್ದು. ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬಂದು, ತಿಂದದ್ದಕ್ಕಿಂತ ಮದ್ದೇ ಕೊಲ್ಲಬಹುದು. ಗಂಟಲಿಗೆ ಬೆರಳು ಹಾಕಿದರೆ ಕಚ್ಚಿಸಿಕೊಳ್ಳುವುದಷ್ಟೇ ಲಾಭ. ಪಗ್ ಥರದ ಚಪ್ಪಟೆ ಮೂಗಿನ ನಾಯಿಗಳಿಗೆ ಮನೆಯಲ್ಲಿ ವಾಂತಿ ಮಾಡಿಸಿದರೆ ಅದು ಶ್ವಾಸಕ್ಕೆ ಹೋಗುವ ಅಪಾಯ ಬೇರೆ.

ಆಟೋದಲ್ಲಿ ಕೂತ ಮೇಲೆ ನನಗೆ ಲೆಕ್ಕ ನೆನಪಾಯಿತು. ವೈದ್ಯರು ಎಷ್ಟು ತಿಂದಿದೆ ಅಂತ ಕೇಳಿದಾಗ ನಾನು 'ಎರಡು' ಅಂದಿದ್ದೆ. ಸ್ಟ್ರಿಪ್ ತಂದು ಎರಡು ವಾರ ಕಳೆದಿದೆ, ಎರಡು ಅಮ್ಮ ನುಂಗಿದ್ದಾಳೆ, ಮಿಕ್ಕಿದ್ದು ಎರಡು.

'ಅಮ್ಮ, ಹೋದ ಎರಡು ಭಾನುವಾರ ತಗೊಂಡಿದ್ದೆ ತಾನೇ?'

'ತಗೊಂಡಿದ್ದೆ.' ಕಿಟಕಿ ಕಡೆ ನೋಡುತ್ತಿದ್ದಳು. ಬೆಣ್ಣೆ ಅವಳ ತೊಡೆ ಮೇಲೆ, ಸೆರಗಿನೊಳಗೆ. ಕುವೆಂಪುನಗರದ ಸಿಗ್ನಲ್ ದಾಟಿದ ಮೇಲೆ ಮೆಲ್ಲಗೆ ಹೇಳಿದಳು. 'ಹೋದ ವಾರ ನಾಮಕರಣಕ್ಕೆ ಹೋಗಿದ್ವಲ್ಲ. ಅವತ್ತು ಮರೆತೆ.'

'ನಾನು ಕೇಳಿದಾಗ ತಗೊಂಡೆ ಅಂದೆಯಲ್ಲಮ್ಮ.'

'ನೀನು ಪೊಲೀಸ್ ಥರ ಕೇಳ್ತೀಯ.'

ಆಟೋದವರು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, 'ಅಕ್ಕ, ಸ್ವಲ್ಪ ಸ್ಪೀಡಾಗಿ ಹೋಗ್ಲಾ?' ಅಂದರು.

ಎರಡಲ್ಲ, ಮೂರು.

ವೈದ್ಯರು ಲುಂಗಿಯಲ್ಲೇ ಬಂದು ಶಟರ್ ಎತ್ತಿ ನಿಂತಿದ್ದರು. ಮೂವತ್ತೈದರ ಆಸುಪಾಸು. ಬೆಣ್ಣೆಯನ್ನು ತೂಗಿದರು. ಸರಿಯಾಗಿ 6 ಕೆಜಿ. ವಾಂತಿ ಮಾಡಿಸುವ ಇಂಜೆಕ್ಷನ್ ಕೊಟ್ಟು, ಕಾಯುವ ಹೊತ್ತಿಗೆ ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಡಿ3ಯ 40,000 ಯೂನಿಟ್ ಅಂದರೆ 1 ಮಿಲಿಗ್ರಾಂ. ಅಮ್ಮನ ಒಂದು ಗುಳಿಗೆ ಒಂದೂವರೆ ಮಿಲಿಗ್ರಾಂ. ಒಂದು ಸಾಸಿವೆ ಕಾಳೂ ಅದಕ್ಕಿಂತ ಭಾರ. ನಾಯಿಯ ಪ್ರತಿ ಕೆಜಿ ತೂಕಕ್ಕೆ 0.1 ಮಿಲಿಗ್ರಾಂ ದಾಟಿದರೆ ಹೊಟ್ಟೆ ಖಾಲಿ ಮಾಡಿಸಬೇಕು. 0.5 ಮುಟ್ಟಿದರೆ ರೋಗದ ಲಕ್ಷಣಗಳು ಶುರುವಾಗಬಹುದು. ಎರಡು ಗುಳಿಗೆಯಾಗಿದ್ದರೆ ಬೆಣ್ಣೆಗೆ ಸರಿಯಾಗಿ 0.5. ಮೂರಾದರೆ 0.75. ಆ 0.75ರ ಕೆಳಗೆ ಅವರು ಎರಡು ಗೆರೆ ಎಳೆದರು. ಅಮ್ಮ ಆ ಗೆರೆಗಳನ್ನೇ ನೋಡುತ್ತಿದ್ದಳು.

'ಹತ್ತು ಪಟ್ಟು ಚಿಕ್ಕ ದೇಹ ಅಮ್ಮ. ನೀವು ವಾರಕ್ಕೊಂದು ತಗೋತೀರ. ಇವಳು ಮೂರು ವಾರದ್ದು ಒಂದೇ ಸಲ ತಗೊಂಡಿದ್ದಾಳೆ,' ಅಂದರು. ಆಮೇಲೆ ಒಂದು ಮಾತು ಸೇರಿಸಿದರು. 'ಹೊರದೇಶಗಳಲ್ಲಿ ಇದನ್ನೇ ಇಲಿ ಪಾಷಾಣದಲ್ಲಿ ಹಾಕ್ತಾರೆ.'

ಅಮ್ಮ ದಂಗಾದಳು. 'ಇಲಿಗೆ ಹಾಕೋದನ್ನ ನನಗೆ ಬರೆದುಕೊಟ್ಟಿದ್ದಾರಾ?'

ನಗಬಾರದ ಹೊತ್ತಿನಲ್ಲಿ ನಗು ಬಂತು. ಆದರೆ ಅದು ನಿಜ. ಅದೇ ವಸ್ತು, ಪ್ರಮಾಣ ಬೇರೆ. ಇಲಿಯ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಕಿಡ್ನಿ ಕೆಡಿಸಿ ಸಾಯಿಸುವುದೇ ಆ ಪಾಷಾಣದ ತಂತ್ರ.

ಹತ್ತು ನಿಮಿಷದಲ್ಲಿ ಬೆಣ್ಣೆ ವಾಂತಿ ಮಾಡಿದಳು. ಮೊದಲು ಇಡ್ಲಿ. ಅಮ್ಮ ಅವಳಿಗೆ ಕದ್ದು ಇಡ್ಲಿ ಕೊಡುತ್ತಾಳೆ ಅನ್ನುವ ನನ್ನ ಬಹಳ ದಿನದ ಅನುಮಾನ ಹೀಗೆ ಬಗೆಹರಿಯಿತು. ಆಮೇಲೆ ಬೆಳ್ಳಿ ಹಾಳೆಯ ಚೂರು, ಉಗುರಿನಷ್ಟು. ವೈದ್ಯರು ಗ್ಲೌಸ್ ಹಾಕಿಕೊಂಡು ಒಂದು ಟ್ರೇಯಲ್ಲಿ ಎಲ್ಲವನ್ನೂ ಹರಡಿ ಹುಡುಕಿದರು. ಒಂದು ಗುಳಿಗೆ ಊದಿಕೊಂಡು ಇಡಿಯಾಗೇ ಸಿಕ್ಕಿತು. ಇನ್ನೊಂದರ ಸಿಪ್ಪೆ ಮಾತ್ರ, ಹಿಂಡಿದ ದ್ರಾಕ್ಷಿ ಸಿಪ್ಪೆಯ ಹಾಗೆ, ಒಳಗೆ ಏನಿಲ್ಲ. ಮೂರನೆಯದು ಸಿಗಲಿಲ್ಲ. ನೆಲದ ಮೇಲೆ ಕಂಡ ಎರಡು ಜಿಡ್ಡಿನ ಚುಕ್ಕೆ ಎಷ್ಟು ಅಗಲ ಇದ್ದವು ಅಂತ ಕೇಳಿದರು. ನಾನು ಬೆರಳಿನಲ್ಲಿ ತೋರಿಸಿದೆ. ಅಂಥ ಹೊತ್ತಿನಲ್ಲಿ ನೆಲ ಒರೆಸದೆ ಬಂದದ್ದೂ ಉಪಯೋಗಕ್ಕೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಆಮೇಲೆ ಇದ್ದಿಲ ಪುಡಿ ಕಲಸಿ ಸಿರಿಂಜಿನಲ್ಲಿ ಕುಡಿಸಿದರು. ಆಕ್ಟಿವೇಟೆಡ್ ಚಾರ್ಕೋಲ್. ಹೊಟ್ಟೆಯಲ್ಲಿ ಮಿಕ್ಕಿರುವುದನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಒಲೆಯ ಇದ್ದಿಲು ಕುಟ್ಟಿ ಕೊಟ್ಟರೆ ಆ ಕೆಲಸ ಆಗುವುದಿಲ್ಲ. ಬಿಳಿ ನಾಯಿಯ ಎದೆ, ಕಿವಿ, ಮುಂಗಾಲು, ಅಮ್ಮನ ಸೀರೆ ಎಲ್ಲ ಕರಿ. ಹೋಳಿ ಆಡಿ ಬಂದವರ ಥರ ಇದ್ದೆವು.

ಹೊರಡುವಾಗ ವೈದ್ಯರು ಹೇಳಿದ ಮಾತು ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ. 'ಇವತ್ತು ಚೆನ್ನಾಗೇ ಇರ್ತಾಳೆ ಮೇಡಂ. ನಾಳೆನೂ ಇರಬಹುದು. ಅದೇ ತೊಂದರೆ.'

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುತ್ತದೆ. ಕೊಬ್ಬಿನಲ್ಲೇ ಹೋಗಿ ಕೂರುತ್ತದೆ. ಲಿವರ್ ಅದನ್ನು ಇನ್ನೊಂದು ರೂಪಕ್ಕೆ ಬದಲಿಸಬೇಕು, ಆಮೇಲೆ ಕ್ಯಾಲ್ಸಿಯಂ ಏರಬೇಕು. ಅಷ್ಟಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. ನಾಯಿ ಸುಸ್ತಾಗಿ, ಊಟ ಬಿಟ್ಟು, ಬಕೆಟ್‌ಗಟ್ಟಲೆ ನೀರು ಕುಡಿದು, ಪದೇ ಪದೇ ಉಚ್ಚೆ ಹೊಯ್ಯುವ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದಾಗಿರಬಹುದು. 'ನೋಡೋಣ, ಏನಾದರೂ ಆದರೆ ಕರಕೊಂಡು ಹೋಗೋಣ' ಅನ್ನುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಏನಾದರೂ ಆಗುವ ಹೊತ್ತಿಗೆ ವಾಂತಿ ಮಾಡಿಸುವ ಕಾಲ ಮುಗಿದು ಎರಡು ದಿನವಾಗಿರುತ್ತದೆ. ಆ ಕಾಲ ಸುಮಾರು ಎರಡು ಗಂಟೆ, ಅಷ್ಟೇ. ನಾವು ಮುಕ್ಕಾಲು ಗಂಟೆಯಲ್ಲಿ ತಲುಪಿದ್ದೆವು. ಕವರಿನ ಭಯಕ್ಕೆ ಫೋನ್ ಮಾಡದೆ ಹೋಗಿದ್ದರೆ ತಲುಪುತ್ತಿರಲಿಲ್ಲ.

ಮುಂದಿನ ನಾಲ್ಕು ದಿನ ದಿನಾ ರಕ್ತ ಪರೀಕ್ಷೆ. ಕ್ಯಾಲ್ಸಿಯಂ, ರಂಜಕ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್. ಸೋಮವಾರ ಕ್ಯಾಲ್ಸಿಯಂ 10.2. ಮಂಗಳವಾರ 11.3. ನಾಯಿಗೆ ಹನ್ನೊಂದೂವರೆ ತನಕ ಪರವಾಗಿಲ್ಲ ಅಂತ ನನಗೆ ಅಷ್ಟು ಹೊತ್ತಿಗೆ ಬಾಯಿಪಾಠ. ಬೆಣ್ಣೆ ಅವತ್ತೂ ಚೆಂಡು ತಂದು ಕಾಲ ಬಳಿ ಹಾಕುತ್ತಿದ್ದಳು. ಬುಧವಾರ 12.6 ಬಂತು.

ಅವತ್ತು ಸಂಜೆಯಿಂದ ಡ್ರಿಪ್. ಅಲ್ಲಿ ಒಂದು ಸಣ್ಣ ವಿಷಯ ನಡೆಯಿತು. ಹುಡುಗನೊಬ್ಬ ಪಕ್ಕದ ಮೆಡಿಕಲ್‌ನಿಂದ ಎರಡು ಬಾಟಲಿ ರಿಂಗರ್ ಲ್ಯಾಕ್ಟೇಟ್ ತಂದ. ವೈದ್ಯರು ಲೇಬಲ್ ನೋಡಿದವರೇ 'ಇದಲ್ಲಪ್ಪ, ಎನ್‌ಎಸ್ ತಗೊಂಬಾ' ಅಂತ ವಾಪಸ್ ಕಳಿಸಿದರು. ನಾನು ಯಾಕೆ ಅಂತ ಕೇಳಿದೆ. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇರುತ್ತದೆ. ಎನ್‌ಎಸ್, ಅಂದರೆ ಬರೀ ಉಪ್ಪಿನ ಸಲೈನ್‌ನಲ್ಲಿ ಇರುವುದಿಲ್ಲ, ಮೇಲಾಗಿ ಆ ಸೋಡಿಯಂ ಕಿಡ್ನಿಯಿಂದ ಕ್ಯಾಲ್ಸಿಯಂ ಹೊರಹಾಕಲು ನೆರವಾಗುತ್ತದೆ. ಎರಡೂ ಬಾಟಲಿ ನೋಡೋಕೆ ಒಂದೇ ಥರ. ಮನೆಯ ಹಾಲಿನ ಬಟ್ಟಲು ನೆನಪಾಯಿತು.

ಜೊತೆಗೆ ಸ್ಟಿರಾಯ್ಡ್, ಮತ್ತೆ ಉಚ್ಚೆ ಹೆಚ್ಚಿಸುವ ಫ್ರುಸೆಮೈಡ್. ಆ ಹೆಸರು ಕಿವಿಗೆ ಬಿದ್ದದ್ದೇ ಅಮ್ಮ ತಲೆ ಎತ್ತಿದಳು. 'ಇದು ನಿಮ್ಮಪ್ಪನಿಗೆ ಕೊಡ್ತಿದ್ದದ್ದಲ್ವಾ?' ಹೌದು, ಅಪ್ಪನ ಕೊನೆಯ ಎರಡು ವರ್ಷ, ಹಾರ್ಟಿಗೆ, ಕಾಲಿನ ಊತಕ್ಕೆ. ಆಗ ಆ ಮಾತ್ರೆಯ ಲೆಕ್ಕ ಅಮ್ಮನದ್ದೇ. ಒಂದು ದಿನವೂ ತಪ್ಪಿಸಿರಲಿಲ್ಲ. ಬೆಳಗ್ಗೆ ಏಳಕ್ಕೆ ಒಂದು, ಅರ್ಧ ಗಂಟೆ ಬಿಟ್ಟು ಅಪ್ಪನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು. ಬೇರೆಯವರ ಮಾತ್ರೆ ಮರೆಯದವಳು ತನ್ನದನ್ನು ಮರೆಯುತ್ತಾಳೆ. ಇದನ್ನು ನಾನು ಆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಡ್ರಿಪ್ ಹನಿ ಎಣಿಸುತ್ತಾ ಯೋಚಿಸಿದೆ. ಅವಳಿಗೆ ಹೇಳಲಿಲ್ಲ.

ಊಟದ್ದು ಇನ್ನೊಂದು ಪೇಚು. ಬೆಣ್ಣೆಯ ಜೀವ ಇರುವುದೇ ಮೊಸರನ್ನದಲ್ಲಿ. ಮೊಸರು, ಹಾಲು, ಪನೀರ್ ಒಂದೂ ಬೇಡ ಅಂದರು. ಅನ್ನದ ಜೊತೆ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಕೊಡಿ, ಅದರಲ್ಲಿ ಕ್ಯಾಲ್ಸಿಯಂ, ರಂಜಕ ಎರಡೂ ಕಡಿಮೆ. ನಮ್ಮ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟಿದ್ದಿಲ್ಲ. ಅಮ್ಮನ ಮುಖ ನೋಡಿದೆ. ಅವಳು ಗುರುವಾರ ಬೆಳಗ್ಗೆ ತಾನೇ ಹಳೇ ಅಲ್ಯುಮಿನಿಯಂ ಪಾತ್ರೆಯೊಂದನ್ನು ಅಟ್ಟದಿಂದ ಇಳಿಸಿ, ಬಾಲ್ಕನಿಯಲ್ಲಿ ಇಂಡಕ್ಷನ್ ಒಲೆ ಹಾಕಿಸಿಕೊಂಡು, ಮೂಗಿಗೆ ಸೆರಗು ಹಿಡಿದು ಎರಡು ಮೊಟ್ಟೆ ಬೇಯಿಸಿದಳು. ಸಿಪ್ಪೆ ಮಾತ್ರ ಮಗಳು ಬಿಡಿಸಬೇಕು, ಅದು ಷರತ್ತು. ಹಳದಿಯನ್ನು ಏನು ಮಾಡುವುದು ಅಂತ ಕೇಳಿದಾಗ 'ನನ್ನ ಕೇಳಬೇಡಿ' ಅಂದಳು. ಕೆಳಗಿನ ಮನೆ ಬೆಕ್ಕು ಆ ವಾರ ದುಂಡಗಾಯಿತು.

ಬಾಲ್ಕನಿ ಅಂದಾಗ ಒಂದು ಮಾತು. ಬೆಣ್ಣೆ ದಿನಾ ಬೆಳಗ್ಗೆ ಅಮ್ಮನ ಜೊತೆ ಅಲ್ಲೇ ಬಿಸಿಲಿಗೆ ಮೈಚಾಚಿ ಮಲಗುತ್ತಾಳೆ. ಇಬ್ಬರೂ ವಿಟಮಿನ್ ಡಿ ಮಾಡಿಕೊಳ್ಳುತ್ತಿದ್ದಾರೆ ಅಂತ ನಾನು ತಮಾಷೆ ಮಾಡುತ್ತಿದ್ದೆ. ನಾಯಿಯ ಚರ್ಮ ಬಿಸಿಲಿನಿಂದ ಆ ವಿಟಮಿನ್ನನ್ನು ಸಾಕಾಗುವಷ್ಟು ತಯಾರಿಸುವುದಿಲ್ಲವಂತೆ. ಅವಕ್ಕೆ ಬರುವುದು ಊಟದಿಂದಲೇ. ಅಂದರೆ ಬೆಣ್ಣೆ ಬಿಸಿಲಿಗೆ ಕೂರುವುದು ಬರೀ ಸುಖಕ್ಕೆ.

ಶುಕ್ರವಾರ 11.9. ಶನಿವಾರ 11.2. ಕ್ರಿಯಾಟಿನಿನ್ ಒಂದು ದಿನವೂ ಅಲುಗಲಿಲ್ಲ. ಕೊಬ್ಬಿನಲ್ಲಿ ಕೂತದ್ದು ಮೆಲ್ಲಗೆ ಇಳಿಯುತ್ತದೆ, ಅದಕ್ಕೆ ವಾರಗಳೇ ಬೇಕು ಅಂತ ಇನ್ನೂ ಎರಡು ಸಲ ಪರೀಕ್ಷೆ ಮಾಡಿದರು. ಖರ್ಚು ಬರೆಯಲು ಹೋಗುವುದಿಲ್ಲ. ಅಮ್ಮನ ಡಿ3 ಒಂದು ವರ್ಷಕ್ಕೆ ಬರುತ್ತಿತ್ತು ಅಂತ ಇಟ್ಟುಕೊಳ್ಳಿ, ಹತ್ತು ಜನ ಅಮ್ಮಂದಿರಿಗೆ.

ಆ ವಾರ ರಾತ್ರಿ ನಿದ್ದೆ ಬಾರದಾಗ ಸ್ಟೀಲ್ ಡಬ್ಬಿ ಮುಂದಿಟ್ಟುಕೊಂಡು ಒಂದೊಂದೇ ಲೇಬಲ್ ಓದಿದೆ. ಗೊತ್ತಾಗದ್ದನ್ನು ಬರೆದಿಟ್ಟು ವೈದ್ಯರನ್ನು ಕೇಳಿದೆ. ಅವರು ಪಾಪ ಸಹನೆಯಿಂದ ಹೇಳಿದರು. ಬಿ ಕಾಂಪ್ಲೆಕ್ಸ್ ಒಂದೆರಡು ತಿಂದರೆ ಉಚ್ಚೆ ಹಳದಿಯಾಗುತ್ತೆ, ಅಷ್ಟೇ. ವಿಟಮಿನ್ ಸಿ ತಿಂದರೆ ಭೇದಿ. ಮೀನೆಣ್ಣೆ ಒಂದೆರಡಾದರೆ ಹೊಟ್ಟೆ ಕೆಡುತ್ತೆ. ಅವರು ನಿಂತದ್ದು ನನ್ನ ಐರನ್ ಮಾತ್ರೆಯ ಹತ್ತಿರ.

ಕಬ್ಬಿಣದ ಮಾತ್ರೆ ನಮ್ಮ ಊರುಗಳಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ. ಬಸುರಿಯರಿಗೆ ಸರ್ಕಾರದಿಂದ ಕೊಡುವ ಕೆಂಪು ಮಾತ್ರೆ ನೋಡಿರುತ್ತೀರಿ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಬಸುರಿನಲ್ಲಿ 180 ದಿನ ತಗೊಳ್ಳಬೇಕು, ಹಾಗಾಗಿ ಮನೆಯಲ್ಲಿ ದಾಸ್ತಾನು ಇದ್ದೇ ಇರುತ್ತದೆ. ಮೇಲಿನ ಲೇಪ ಸಿಹಿಯಾಗಿದ್ದರೆ ನಾಯಿಗೆ ಅದು ಪೆಪ್ಪರಮೆಂಟು. ಕೆಜಿಗೆ 20 ಮಿಲಿಗ್ರಾಂ ಒಳಗಿದ್ದರೆ ಅಷ್ಟೇನೂ ಆಗದು. 60 ದಾಟಿದರೆ ಜೀವಕ್ಕೇ ಕುತ್ತು. ಬೆಣ್ಣೆಯಂಥ ಆರು ಕೆಜಿ ನಾಯಿ ಹತ್ತು ಮಾತ್ರೆಯ ಒಂದು ಸ್ಟ್ರಿಪ್ ತಿಂದರೆ ಕೆಜಿಗೆ 100. ಇದರಲ್ಲಿ ಇನ್ನೊಂದು ಮೋಸ ಇದೆ. ಮೊದಲು ವಾಂತಿ, ರಕ್ತ ಭೇದಿ ಆಗುತ್ತದೆ. ಆಮೇಲೆ ನಾಯಿ ಚೇತರಿಸಿಕೊಂಡಂತೆ ಕಾಣುತ್ತದೆ, ಅರ್ಧ ದಿನವೋ ಒಂದು ದಿನವೋ. ಮನೆಯವರು ದೇವರಿಗೆ ತುಪ್ಪದ ದೀಪ ಹಚ್ಚುವಷ್ಟರಲ್ಲಿ ಲಿವರ್ ಕೈಬಿಟ್ಟಿರುತ್ತದೆ. ಇದ್ದಿಲ ಪುಡಿಗೆ ಕಬ್ಬಿಣ ಅಂಟುವುದೂ ಇಲ್ಲ. ಅದಕ್ಕೇ ಏನು ತಿಂದಿದೆ ಅನ್ನುವುದು ಮುಖ್ಯ, 'ಏನೋ ಮಾತ್ರೆ' ಅಂದರೆ ಸಾಲದು. ಲೇಬಲ್ ಓದುವುದರಲ್ಲೂ ಒಂದು ಸೂಕ್ಷ್ಮ ಇದೆ. ಫೆರಸ್ ಫ್ಯೂಮರೇಟ್ ಇಷ್ಟು ಅಂತ ಬರೆದಿದ್ದರೆ ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ಕಬ್ಬಿಣ. ಫೆರಸ್ ಸಲ್ಫೇಟ್ ಆದರೆ ಐದನೇ ಒಂದು ಭಾಗ. ಆ ಭಾಗಾಕಾರ ವೈದ್ಯರು ಮಾಡಿಕೊಳ್ಳುತ್ತಾರೆ. ನಾವು ಸ್ಟ್ರಿಪ್ಪಿನ ಫೋಟೋ ಕಳಿಸಿದರೆ ಸಾಕು.

ನ್ಯೂಜೆರ್ಸಿ ಅತ್ತಿಗೆಗೆ ಈ ಕಥೆ ಹೇಳಿದಾಗ ಅವರು ಮೊದಲು ಕೇಳಿದ್ದು, 'ನಾನು ಕೊಟ್ಟ ಗಮ್ಮೀಸ್ ತಿಂದಿಲ್ಲ ತಾನೇ?' ಅಂತ. ಬಣ್ಣಬಣ್ಣದ, ಜಗಿಯುವ ವಿಟಮಿನ್. ಸಕ್ಕರೆ ಇಲ್ಲ ಅಂತ ಬರೆದಿರುವ ಕೆಲವದರಲ್ಲಿ ಜೈಲಿಟಾಲ್ ಅನ್ನುವ ಸಿಹಿ ಇರುತ್ತದೆ. ಮನುಷ್ಯರಿಗೆ ಏನೂ ಇಲ್ಲ, ಸಕ್ಕರೆ ಕಾಯಿಲೆಯವರೂ ತಿನ್ನುತ್ತಾರೆ. ನಾಯಿಯ ದೇಹ ಮಾತ್ರ ಅದನ್ನು ಸಕ್ಕರೆ ಅಂತಲೇ ತಿಳಿದು ಇನ್ಸುಲಿನ್ ಸುರಿಸುತ್ತದೆ. ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿದು ತೂರಾಡಿ ಬೀಳಬಹುದು. ಕೆಜಿಗೆ 0.1 ಗ್ರಾಂ ಸಾಕು. ಡಿ3 ಮೂರು ದಿನ ಕಾಯಿಸುತ್ತದೆ, ಇದು ಕೆಲವೊಮ್ಮೆ ಅರ್ಧ ಗಂಟೆಯೂ ಕೊಡುವುದಿಲ್ಲ. ಅತ್ತಿಗೆ ಇರುವ ಕಡೆ ಹೀಗಾದರೆ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ಕೇಂದ್ರಕ್ಕೆ ರಾತ್ರಿ ಹಗಲು ಫೋನ್ ಮಾಡಬಹುದು. ಫೀಸ್ ಇರುತ್ತದೆ, ಆದರೆ ಮಾತಾಡುವವರು ಇದೇ ವಿದ್ಯೆ ಕಲಿತವರು. ಅಲ್ಲಿರುವ ನಮ್ಮವರು ಆ ನಂಬರ್ ಫ್ರಿಜ್ ಮೇಲೆ ಅಂಟಿಸಿಕೊಂಡರೆ ಒಳ್ಳೆಯದು. ನಮ್ಮ ಫ್ರಿಜ್ ಮೇಲೆ ಈಗ ಮೂವರು ವೈದ್ಯರ ನಂಬರ್ ಇದೆ. ಮೂರಕ್ಕೂ ಒಂದು ಸಲ ಫೋನ್ ಮಾಡಿ, ಭಾನುವಾರ ಎತ್ತುತ್ತೀರಾ ಅಂತ ಕೇಳಿಯೇ ಬರೆದದ್ದು. ಒಬ್ಬರು ನಕ್ಕರು.

ಇನ್ನೊಂದು ಹೇಳಿಬಿಡುತ್ತೇನೆ, ಯಾಕೆಂದರೆ ಇದು ನಮ್ಮ ಹಿರಿಯರ ಡಬ್ಬಿಗಳಲ್ಲೇ ಇರುವುದು. ಶುಗರ್ ಇರುವವರಿಗೆ ಕಾಲು ಜೋಮು, ಉರಿಗೆ ಅಂತ ಮಿಥೈಲ್‌ಕೋಬಾಲಮಿನ್ ಕೊಡುತ್ತಾರಲ್ಲ, ಅದರ ಜೊತೆಗೇ ಎಷ್ಟೋ ಸಲ ಆಲ್ಫಾ ಲಿಪೋಯಿಕ್ ಆಸಿಡ್ ಸೇರಿರುತ್ತದೆ. ಎಲ್ಲರೂ ಅದನ್ನು 'ನರದ ವಿಟಮಿನ್' ಅನ್ನುತ್ತಾರೆ. ನಾಯಿ ಈ ಆಲ್ಫಾ ಲಿಪೋಯಿಕ್ ಆಸಿಡ್ ಜಾಸ್ತಿ ತಿಂದರೆ ಸಕ್ಕರೆ ಇಳಿದು ಫಿಟ್ಸ್ ಬರಬಹುದು. ಬೆಕ್ಕುಗಳಿಗಂತೂ ಇನ್ನೂ ಕಡಿಮೆ ಪ್ರಮಾಣವೇ ಸಾಕು. ಚಿಕ್ಕಮ್ಮನ ಮನೆಯಲ್ಲಿ ಎರಡು ಬೆಕ್ಕಿವೆ. ಅವರಿಗೆ ಅವತ್ತೇ ಫೋನ್ ಮಾಡಿದೆ. ಮಾತು ಅರ್ಧ ಗಂಟೆ ಆಯಿತು. ನಾನೂ ಫೋನ್ ಇಡುವ ಮೊದಲು ಬೆಣ್ಣೆ ಎಲ್ಲಿದ್ದಾಳೆ ಅಂತ ತಿರುಗಿ ನೋಡಿದೆ.

ಈಗ ಸ್ಟೀಲ್ ಡಬ್ಬಿ ಬೀರುವಿನಲ್ಲಿದೆ, ಬಿಪಿ ಮಾತ್ರೆಯ ಪಕ್ಕ. ಜಾಗ ಮಾಡಲು ಅಮ್ಮ ಎರಡು ಸೀರೆ ಮಗಳಿಗೆ ಕೊಟ್ಟಳು. ನಾನು ಅವಳನ್ನು ತಗೊಂಡೆಯಾ ಅಂತ ಕೇಳುವುದು ಬಿಟ್ಟಿದ್ದೇನೆ. ಅಂದರೆ, ಬಾಯಿಬಿಟ್ಟು ಕೇಳುವುದನ್ನು. ಅಡುಗೆಮನೆ ಗೋಡೆಯ ಮೇಲೆ ಕ್ಯಾಲೆಂಡರ್ ಇದೆ. ಏಕಾದಶಿ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಅಮ್ಮನ ಕೈಬರಹದಲ್ಲಿ ಅದರ ಮೇಲೇ. ಆ ಬುಧವಾರದ ಮನೆಯಲ್ಲಿ 12.6 ಅಂತ ಬರೆದು ಸುತ್ತ ಗುಂಡಗೆ ಗೀಟು ಹಾಕಿದ್ದಾಳೆ. ಭಾನುವಾರಗಳಲ್ಲಿ 'ಗು' ಅಂತ ಒಂದು ಅಕ್ಷರ, ಗುಳಿಗೆ ಅಂತ. ಸಾಲಾಗಿ ಗು, ಗು, ಗು. ಮೊನ್ನೆ ಹಾಲಿನವನ ಲೆಕ್ಕ ನೋಡಲು ಹೋದಾಗ ಹೋದ ಭಾನುವಾರದ ಮೇಲೆ ಕಣ್ಣು ಬಿತ್ತು. ಅಲ್ಲಿ 'ಗು' ಇರಲಿಲ್ಲ. ಚಿಕ್ಕ ಮನೆಯೊಳಗೆ ಹಿಡಿಸದೆ ಪಕ್ಕದ ಸೋಮವಾರಕ್ಕೂ ಚಾಚಿಕೊಂಡು, ಪೂರ್ತಿ ಅಕ್ಷರದಲ್ಲಿ ಬರೆದಿದ್ದಳು: 'ಮರೆತೆ'.